ಬೂದು ಮುಚ್ಚಳದ ಟ್ಯೂಬು

ನಮ್ಮ ಲ್ಯಾಬಿನಿಂದ ರಕ್ತ ಜಿಲ್ಲಾ ಆಸ್ಪತ್ರೆಗೆ ಹೋಗುತ್ತಿದ್ದುದು 11.20ರ ಬಸ್ಸಿನಲ್ಲಿ. ಥರ್ಮೋಕೋಲ್ ಡಬ್ಬಿಯಲ್ಲಿ ಟ್ಯೂಬುಗಳನ್ನು ನಿಲ್ಲಿಸಿ, ಪಕ್ಕಕ್ಕೆ ಎರಡು ಐಸ್ ಪ್ಯಾಕ್ ತುರುಕಿ, ಮುಚ್ಚಳಕ್ಕೆ ಟೇಪು ಸುತ್ತಿ, ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ರಕ್ತ ಇದೆ, ಅಡ್ಡ ಮಲಗಿಸಬೇಡಿ’ ಎಂದು ಬರೆದು ಕಂಡಕ್ಟರ್ ಕೈಗೆ ಕೊಡಬೇಕು. ಆಮೇಲೆ ಆ ಕಡೆಯ ಅಟೆಂಡರ್‌ಗೆ ಫೋನ್ ಹಚ್ಚಿ ಬಸ್ಸಿನ ನಂಬರ್ ಹೇಳಬೇಕು. ಅವನು ಊಟಕ್ಕೆ ಹೋಗಿದ್ದನೋ, ಡಬ್ಬಿ ಡಿಪೋ ನೋಡಿಕೊಂಡು ಸಂಜೆ ಅದೇ ಬಸ್ಸಿನಲ್ಲಿ ನನ್ನ ಹತ್ತಿರವೇ ವಾಪಸ್ ಬಂದದ್ದೂ ಉಂಟು.

ಇದು 2018ರ ಬೇಸಿಗೆಯ ಮಾತು. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ರಕ್ತದಲ್ಲಿ ಸಕ್ಕರೆ ಮುಂತಾದವು ಎಷ್ಟಿವೆಯೆಂದು ಅಳೆಯುವ ನಮ್ಮ ಅನಲೈಸರ್ ಯಂತ್ರ ಕೆಟ್ಟಿತ್ತು. ಸುಟ್ಟದ್ದು ಒಂದು ಲ್ಯಾಂಪು, ಅಷ್ಟೇ. ಆದರೆ ನಿರ್ವಹಣೆಯ ಕರಾರು ಮುಗಿದಿತ್ತು, ಹೊಸದಕ್ಕೆ ಟೆಂಡರ್ ಆಗಬೇಕಿತ್ತು, ಟೆಂಡರಿಗೆ ವಿಧಾನಸಭೆ ಚುನಾವಣೆಯ ನೀತಿಸಂಹಿತೆ ಅಡ್ಡ ಬಂದಿತ್ತು. ಹೀಗೆ ಒಂದು ಬಲ್ಬಿಗಾಗಿ ನಾಲ್ಕು ತಿಂಗಳು ಇಡೀ ತಾಲ್ಲೂಕಿನ ರಕ್ತ ಬಸ್ಸು ಹತ್ತಿತು.

ಒಂದು ದಿನ ಪಕ್ಕದ ಹಳ್ಳಿಯ ಹಿರಿಯರೊಬ್ಬರು ಎರಡು ಚೀಟಿ ಹಿಡಿದುಕೊಂಡು ಕಿಟಕಿಗೆ ಬಂದರು. ಒಂದು, ಅವರೂರಿನ ಆರೋಗ್ಯ ಸಹಾಯಕಿ ಬೆರಳು ಚುಚ್ಚಿ ಬರೆದುಕೊಟ್ಟದ್ದು: ಸಕ್ಕರೆ 212. ಇನ್ನೊಂದು, ಅದೇ ದಿನ ಅರ್ಧ ಗಂಟೆಯ ನಂತರ ನಾನು ತೆಗೆದ ರಕ್ತದ ವರದಿ, ಜಿಲ್ಲೆಯಿಂದ ಬಂದದ್ದು: 139.

“ಅಕ್ಕಾರ, ಎರಡೂ ಸರ್ಕಾರದ್ದ. ಇದರಾಗ ಖರೇ ಯಾವ್ದು?”

ನನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದದ್ದೇ ನಾಚಿಕೆಯಾಯಿತು. ರಕ್ತ ಟ್ಯೂಬಿಗೆ ಇಳಿದ ಮೇಲೂ ಅದರೊಳಗಿನ ಕಣಗಳು ಉಪವಾಸ ಕೂರುವುದಿಲ್ಲ. ಸಕ್ಕರೆ ತಿನ್ನುತ್ತಲೇ ಇರುತ್ತವೆ. ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇ 5ರಿಂದ 7ರಷ್ಟು ಕರಗುತ್ತದೆ, ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಇನ್ನೂ ಹೆಚ್ಚು. ಅದಕ್ಕೆಂದೇ ಬೂದು ಮುಚ್ಚಳದ ಟ್ಯೂಬು ಇರುವುದು. ಅದರ ತಳದಲ್ಲಿ ಒಂದು ಚಿಟಿಕೆ ಫ್ಲೋರೈಡ್ ಪುಡಿ ಇರುತ್ತದೆ, ಕಣಗಳ ಬಾಯಿ ಕಟ್ಟುತ್ತದೆ. ಡಿಪ್ಲೊಮಾದ ಮೊದಲ ವರ್ಷದಲ್ಲೇ ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ನಮ್ಮ ಸ್ಟೋರಿಗೆ ಬರುತ್ತಿದ್ದುದು ಕೆಂಪು ಮುಚ್ಚಳ ಮತ್ತು ನೇರಳೆ ಮುಚ್ಚಳ ಮಾತ್ರ. ಬೂದು ಬೇಕೆಂದು ಇಂಡೆಂಟ್ ಬರೆದರೆ ಎದುರಿಗೆ ‘ಸರಬರಾಜು ಇಲ್ಲ’ ಎಂಬ ಸೀಲು. ಮಷಿನ್ ನಮ್ಮಲ್ಲೇ ಇದ್ದಾಗ ಹತ್ತು ನಿಮಿಷದಲ್ಲಿ ತಿರುಗಿಸಿ ಕಣಗಳಿಂದ ಸೀರಮ್, ಅಂದರೆ ರಕ್ತದ ತಿಳಿ, ಬೇರೆ ಮಾಡುತ್ತಿದ್ದೆವು, ನಡೆಯುತ್ತಿತ್ತು. ಹಾಗೆ ತಿರುಗಿಸುವ ಸೆಂಟ್ರಿಫ್ಯೂಜೂ ಆಗ ಮುಕ್ಕರಿಯುತ್ತಿತ್ತು, ತಿರುಗಿದರೆ ತಿರುಗಿತು ಇಲ್ಲದಿದ್ದರೆ ಇಲ್ಲ.

“ಊರಾಗ ನೋಡಿದ್ದ ಖರೇ ಅಂತ ತಿಳ್ಕೊಳ್ರಿ. ಡಾಕ್ಟರಿಗೆ ನಾ ಹೇಳ್ತೀನಿ” ಅಂದೆ. ಹೇಳಿದೆ. ಡಾಕ್ಟರ್ ಮರುದಿನ ಮತ್ತೆ ನೋಡಿ ಗುಳಿಗೆ ಹೆಚ್ಚಿಸಿದರು. ಆ ಹಿರಿಯರಿಗೇನೋ ಬಗೆಹರಿಯಿತು. ಎರಡು ಚೀಟಿ ಇಲ್ಲದವರು ಎಷ್ಟು ಜನ ಆ ನಾಲ್ಕು ತಿಂಗಳಲ್ಲಿ ‘ಶುಗರ್ ನಾರ್ಮಲ್ ಐತಿ’ ಎಂದುಕೊಂಡು ಹೋಳಿಗೆ ಉಂಡರೋ.

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ಅಕ್ಕಾರ ಕೈಕೆಳಗೆ. ಮಲೇರಿಯಾ ಸ್ಲೈಡು ನೋಡಿ ನೋಡಿ ಅವರ ಎಡಗಣ್ಣು ಸದಾ ಸ್ವಲ್ಪ ಕಿರಿದಾಗಿಯೇ ಇರುತ್ತಿತ್ತು. 2016ರಲ್ಲಿ ನಿವೃತ್ತರಾಗಿದ್ದರು. 2019ರ ಆರಂಭದಲ್ಲಿ ಅವರು ಫೋನ್ ಮಾಡಿ, “ದಿಲ್ಲ್ಯಾಗ ನಮ್ಮ ಹೆಸರಿಲೆ ಒಂದು ಮಸೂದಿ ಬಂದೈತಿ, ಗೊತ್ತೈತೇನು?” ಎಂದರು. ಗೊತ್ತಿರಲಿಲ್ಲ. 2018ರ ಡಿಸೆಂಬರ್ 31ರಂದು ರಾಜ್ಯಸಭೆಯಲ್ಲಿ ಮಂಡನೆಯಾಗಿದ್ದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಮಸೂದೆ ಅದು. ಅದನ್ನು ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿಗೆ ಒಪ್ಪಿಸಿದ್ದರು. ಸಮಿತಿ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಕರೆಯುತ್ತದಂತೆ.

ಅಕ್ಕಾರು ಇದಕ್ಕೆ ಇಷ್ಟು ಮಹತ್ವ ಯಾಕೆ ಕೊಟ್ಟರೆಂಬುದು ಹೊರಗಿನವರಿಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನರ್ಸುಗಳಿಗೆ 1947ರಲ್ಲೇ ಕಾಯ್ದೆ ಬಂದಿತ್ತು. ಔಷಧಿ ಅಂಗಡಿಯವರಿಗೆ 1948ರಲ್ಲಿ, ದಂತವೈದ್ಯರಿಗೂ ಅದೇ ವರ್ಷ. ವೈದ್ಯರಿಗೆ 1956ರ ಕಾಯ್ದೆ ಇತ್ತು. ರಕ್ತ ತೆಗೆದು, ಕಫ ನೋಡಿ, ಸ್ಲೈಡಿಗೆ ಬಣ್ಣ ಹಾಕಿ, ರೋಗ ಯಾವುದೆಂದು ಡಾಕ್ಟರಿಗೆ ಸುಳಿವು ಕೊಡುವವರಿಗೆ ಇಡೀ ದೇಶಕ್ಕೆ ಅನ್ವಯಿಸುವ ಒಂದು ಕಾಯ್ದೆಯೂ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಪ್ಯಾರಾಮೆಡಿಕಲ್ ಬೋರ್ಡ್ ಇತ್ತು, ಪರೀಕ್ಷೆ ನಡೆಸುತ್ತಿತ್ತು, ಸರ್ಟಿಫಿಕೇಟ್ ಕೊಡುತ್ತಿತ್ತು. ಪಕ್ಕದ ರಾಜ್ಯದಲ್ಲಿ ಬೇರೆಯೇ ಲೆಕ್ಕ. ಆರು ತಿಂಗಳ ಕೋರ್ಸ್ ಮಾಡಿದವನೂ ಬಿಳಿ ಕೋಟು ಹಾಕಿಕೊಂಡು ಮೈಕ್ರೋಸ್ಕೋಪಿನ ಮುಂದೆ ಕೂರಬಹುದಿತ್ತು. 2007ರಲ್ಲೂ ಒಂದು ಮಸೂದೆ ಬಂದಿತ್ತು. ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯಿತು. ಆಗಲೂ ಅಕ್ಕಾರು ಸಹಿ ಸಂಗ್ರಹಿಸಿದ್ದರು. “ಒಂದ್ಸರ್ತಿ ಬಿದ್ದದ್ದು ನೋಡೀನಿ. ಈ ಸರ್ತಿ ಸುಮ್ಮನ ಕುಂದ್ರೂದಿಲ್ಲ” ಎಂದರು.

ಮೊದಲ ಸಭೆ ಹುಬ್ಬಳ್ಳಿಯಲ್ಲಿ, ಒಂದು ಭಾನುವಾರ, ಕಲ್ಯಾಣ ಮಂಟಪದ ಊಟದ ಹಾಲಿನಲ್ಲಿ. ಮೇಲೆ ಮದುವೆ, ಕೆಳಗೆ ನಾವು. ನಲವತ್ತರಷ್ಟು ಜನ: ಸರ್ಕಾರಿ ಟೆಕ್ನಿಷಿಯನ್‌ಗಳು, ಗುತ್ತಿಗೆಯವರು, ಸಣ್ಣ ಖಾಸಗಿ ಲ್ಯಾಬ್ ಇಟ್ಟುಕೊಂಡವರು. ಹತ್ತು ನಿಮಿಷದಲ್ಲಿ ಜಗಳ ಹತ್ತಿತು.

ಜಗಳದ ಬೇರು 2017ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ಆದೇಶದಲ್ಲಿತ್ತು. ಲ್ಯಾಬ್ ವರದಿಗೆ ಪೆಥಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನೋಂದಾಯಿತ ವೈದ್ಯರೇ ಪ್ರತಿಸಹಿ ಹಾಕಬೇಕೆಂದು ಆ ಆದೇಶ ಹೇಳಿತ್ತು. ತಾಲ್ಲೂಕಿನಲ್ಲಿ ಅಂಥ ವೈದ್ಯರನ್ನು ಎಲ್ಲಿಂದ ತರುವುದು? ಖಾಸಗಿ ಲ್ಯಾಬಿನ ತಮ್ಮಂದಿರು ಕೆಂಡವಾಗಿದ್ದರು. ಒಬ್ಬನಂತೂ, “ಇಪ್ಪತ್ತು ವರ್ಷ ನಾನ ಸಹಿ ಮಾಡೀನಿ, ಈಗ ಯಾರದೋ ಸಹಿ ಬಾಡಿಗಿ ತರ್ಬೇಕನು?” ಎಂದು ಕುರ್ಚಿ ಒದ್ದ. ಬಾಡಿಗೆ ಸಹಿ ಎಂಬುದು ಮಾತಿನ ಭರಾಟೆಯಲ್ಲ. ಒಬ್ಬರೇ ಡಾಕ್ಟರ ಸ್ಕ್ಯಾನ್ ಮಾಡಿದ ಸಹಿ ಹಲವು ಊರುಗಳ ವರದಿಯಲ್ಲಿ ಕೂತಿರುವುದನ್ನು ನಾವೆಲ್ಲ ಕಂಡಿದ್ದೆವು. ನನ್ನ ಅಭಿಪ್ರಾಯ ಅಂದೂ ಇಂದೂ ಅದೇ: ಸಹಿ ಯಾರದು ಎಂಬುದಕ್ಕಿಂತ, ಆ ಸಂಖ್ಯೆ ಬರುವ ಮುಂಚೆ ಬೆಳಿಗ್ಗೆ ಕಂಟ್ರೋಲ್ (ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಿ ಮಷಿನ್ ಸರಿಯಿದೆಯೇ ನೋಡಿದ್ದರೇ ಎಂದು ಕೇಳುವವರು ಬೇಕು. ಇದನ್ನು ಆವತ್ತು ಹೇಳಿದ್ದಕ್ಕೆ ಎರಡೂ ಕಡೆಯವರು ನನ್ನ ಮೇಲೆ ಮುನಿದರು. ಮೇಲಿನ ಮದುವೆಯವರು ಪಾಪ, ನಮ್ಮನ್ನೂ ಊಟಕ್ಕೆ ಕರೆದರು. ಉಂಡ ಮೇಲೆ ಸ್ವಲ್ಪ ತಣ್ಣಗಾಯಿತು.

ಮನವಿಯ ಕರಡು ಬರೆಯುವ ಕೆಲಸ ನನ್ನ ತಲೆಗೆ ಬಂತು. ಹನ್ನೊಂದು ಪುಟ ಬರೆದೆ. ಪಗಾರ, ಬಡ್ತಿ, ಪದನಾಮ, ಅಪಾಯ ಭತ್ಯೆ, ಗುತ್ತಿಗೆಯವರ ಕಾಯಂಮಾತಿ. ಬರೆಯುತ್ತಾ ಬರೆಯುತ್ತಾ ನನಗೇ ಕಣ್ಣಲ್ಲಿ ನೀರು ಬಂತು, ಅಷ್ಟು ಚೆನ್ನಾಗಿತ್ತು. ಅಕ್ಕಾರ ಮನೆಗೆ ಒಯ್ದುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಅವಲಕ್ಕಿ ತಿನ್ನುತ್ತಾ, ಒಂದೊಂದೇ ಪುಟ ಓದಿ ಪಕ್ಕಕ್ಕಿಟ್ಟರು. ಕೊನೆಗೆ, “ಛಲೋ ಬರದಿ. ಆದ್ರ ಇದರಾಗ ರೋಗಿ ಎಲ್ಲ್ಯದಾನ?” ಅಂದರು.

ಹುಡುಕಿದೆ. ಎಂಟನೇ ಪುಟದಲ್ಲಿ ಒಂದು ಕಡೆ ‘ರೋಗಿಗಳ ಹಿತದೃಷ್ಟಿಯಿಂದ’ ಎಂದಿತ್ತು.

ಆಗ ಆ ಎರಡು ಚೀಟಿಯ ಹಿರಿಯರ ಕಥೆ ಹೇಳಿದೆ. ಅಕ್ಕಾರು ತಟ್ಟೆ ಕೆಳಗಿಟ್ಟರು. ಅವರಿಗೂ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. “ನಾಳಿ ನನ್ನ ರಕ್ತ ತಗೀ. ಎರಡು ಟ್ಯೂಬ್ ಮಾಡು. ಬೂದು ಟ್ಯೂಬ್ ನಾ ರೊಕ್ಕಾ ಕೊಟ್ಟ ತರ್ತೀನಿ.”

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಒಂಬತ್ತೂವರೆಗೆ ಅವರ ಎಡಗೈಯಿಂದ ರಕ್ತ ತೆಗೆದೆ. ಒಂದೇ ಸೂಜಿ, ಒಂದೇ ರಕ್ತ. ಅರ್ಧ ಕೆಂಪು ಮುಚ್ಚಳಕ್ಕೆ, ಅರ್ಧ ಬೂದು ಮುಚ್ಚಳಕ್ಕೆ. ಬೂದು ಟ್ಯೂಬನ್ನು ಎಂಟು ಸಲ ನಿಧಾನ ಮೇಲೆ ಕೆಳಗೆ ಮಾಡಿದೆ. ಜೋರಾಗಿ ಅಲುಗಿಸಿದರೆ ಕಣ ಒಡೆಯುತ್ತದೆ. ಅಷ್ಟರಲ್ಲಿ ನಮ್ಮ ಅನಲೈಸರ್ ರಿಪೇರಿಯಾಗಿ ಬಂದಿತ್ತಾದ್ದರಿಂದ, ಮೂರನೆಯದೊಂದು ಚೂರನ್ನು ತಕ್ಷಣ ತಿರುಗಿಸಿ ಅಲ್ಲೇ ನೋಡಿದೆ: 184. ಉಳಿದೆರಡನ್ನು ಥರ್ಮೋಕೋಲ್ ಡಬ್ಬಿಗೆ ಹಾಕಿ, ಐಸ್ ಪ್ಯಾಕ್ ನಮ್ಮ ಫ್ರಿಜ್ಜಿನಲ್ಲಿ ಕರೆಂಟ್ ಹೋದ ದಿನ ಎಷ್ಟು ತಣ್ಣಗಿರುತ್ತದೋ ಅಷ್ಟೇ ತಣ್ಣಗೆ ಇಟ್ಟು, 11.20ರ ಬಸ್ಸಿಗೆ ಕೊಟ್ಟೆ. ಆ ಕಡೆ ಗೆಳತಿಯೊಬ್ಬಳು ಇಳಿಸಿಕೊಂಡು, ಅಲ್ಲಿಯ ಸರದಿಯಲ್ಲೇ ಇಟ್ಟು, ಮಧ್ಯಾಹ್ನ ಮೂರರ ಸುಮಾರಿಗೆ ನೋಡಿದಳು. ಬೂದು ಟ್ಯೂಬಿನಲ್ಲಿ 175. ಕೆಂಪಿನಲ್ಲಿ 126.

ಅಕ್ಕಾರು ಸಂಖ್ಯೆ ಕೇಳಿ ನಕ್ಕರು. “ಬಸ್ಸಿನ್ಯಾಗ ಕುಂತ ನನ್ನ ಶುಗರ್ ಇಳೀತು ನೋಡು. ವಾಕಿಂಗ್ ಬಿಟ್ಟು ಬಸ್ ಪಾಸ್ ತಗೋತೀನಿ.”

ಒಂದು ಸ್ಯಾಂಪಲ್ಲಿನಿಂದ ಏನನ್ನೂ ಸಾಧಿಸಲಾಗದು ಎಂದು ನನಗೆ ಗೊತ್ತು. ಆದರೆ ಇದು ಹೊಸ ಸಂಶೋಧನೆಯೂ ಅಲ್ಲ, ಪುಸ್ತಕದಲ್ಲಿ ಇರುವುದನ್ನೇ ನಮ್ಮ ಬಸ್ಸಿನಲ್ಲಿ ಕಂಡದ್ದು. ಮನವಿಯ ಮೊದಲ ಪುಟ ಇದೇ ಆಯಿತು. ಹನ್ನೊಂದು ಪುಟ ಐದಕ್ಕಿಳಿಯಿತು. ಆಮೇಲೆ ಒಂದು ತಿಂಗಳು ಹಳೇ ರಿಜಿಸ್ಟರ್ ತೆಗೆದು ಕೂತೆವು. ಎಷ್ಟು ದಿನ ಮಷಿನ್ ಬಂದ್, ಎಷ್ಟು ದಿನ ರೀಜೆಂಟ್ (ಪರೀಕ್ಷೆಗೆ ಬೇಕಾದ ರಾಸಾಯನಿಕ) ಇಲ್ಲ, ಎಷ್ಟು ಸ್ಯಾಂಪಲ್ ‘ರಕ್ತ ಒಡೆದಿದೆ’ ಎಂದು ವಾಪಸ್ ಬಂದವು. ನಾವು ವರ್ಷಗಟ್ಟಲೆ ಯಾರೂ ನೋಡುವುದಿಲ್ಲವೆಂದು ಬೇಜಾರಿನಿಂದ ಬರೆದಿದ್ದ ‘ಷರಾ’ ಕಾಲಮ್ಮೇ ಈಗ ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಕೆಲವು ಕಡೆಯ ರಿಜಿಸ್ಟರಿನಲ್ಲಿ ಆ ಕಾಲಮ್ ಪೂರ್ತಿ ಖಾಲಿ. ಅಲ್ಲೇನೂ ತೊಂದರೆಯಾಗಿರಲಿಲ್ಲ ಅಂತಲ್ಲ, ಬರೆದವರಿಲ್ಲ.

ರಾಷ್ಟ್ರೀಯ ಆರೋಗ್ಯ ಅಭಿಯಾನದ ಉಚಿತ ತಪಾಸಣೆಯ ಪಟ್ಟಿಯೂ ಆ ಸುಮಾರಿಗೇ ಪರಿಷ್ಕಾರವಾಗಿ ಕೈಗೆ ಸಿಕ್ಕಿತು: ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 63 ಪರೀಕ್ಷೆ, ಸಮುದಾಯ ಆರೋಗ್ಯ ಕೇಂದ್ರಕ್ಕೆ 97, ಅದರ ಮೇಲಿನ ಉಪವಿಭಾಗ ಮಟ್ಟದ ಆಸ್ಪತ್ರೆಗೆ 111, ಜಿಲ್ಲಾ ಆಸ್ಪತ್ರೆಗೆ 134. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಅತ್ಯಗತ್ಯ ತಪಾಸಣೆಗಳ ರಾಷ್ಟ್ರೀಯ ಪಟ್ಟಿ ಹೊರಡಿಸಿತು. ನಾನು ಒಂದು ಸ್ಕೇಲು ಹಿಡಿದು, 111ರ ಪಟ್ಟಿಯಲ್ಲಿ ನಾವು ಆ ದಿನ ನಿಜವಾಗಿ ಮಾಡಬಲ್ಲವಕ್ಕೆ ಹಸಿರು ಗೆರೆ ಎಳೆಯುತ್ತಾ ಹೋದೆ. ಗೆರೆ ಎಳೆದದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ. ಆ ಹಾಳೆಯನ್ನು ಜೋಪಾನ ಮಾಡಿಟ್ಟೆ. ಮುಂದೆ ಅದೇ ನಮಗೆ ಕೈಕೊಡದೆ ಕೆಲಸಕ್ಕೆ ಬಂದದ್ದು.

ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿಕೆ ಮಾಡುವ ಅಕ್ಕಾರ ತಂಗಿಯ ಮಗ ಕರಡು ನೋಡಿ ತಣ್ಣೀರು ಎರಚಿದ. “ದೊಡ್ಡವ್ವಾ, ನಿಮ್ಮ ಟ್ಯೂಬಿನ ಮಾತು ಈ ಮಸೂದೆಗೆ ಸಲ್ಲೂದಿಲ್ಲ” ಅಂದ. ವೈದ್ಯಕೀಯ ವೃತ್ತಿ ಎನ್ನುವುದು ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಮವರ್ತಿ ಪಟ್ಟಿಯ 26ನೇ ನಮೂದು. ಅದಕ್ಕೆ ದಿಲ್ಲಿ ಕಾಯ್ದೆ ಮಾಡಬಹುದು. ಆದರೆ ಆಸ್ಪತ್ರೆ, ದವಾಖಾನೆ ರಾಜ್ಯ ಪಟ್ಟಿಯ 6ನೇ ನಮೂದು. ಅಂದರೆ ಟೆಕ್ನಿಷಿಯನ್ ಯಾರಾಗಬೇಕೆಂದು ದಿಲ್ಲಿ ಹೇಳಬಹುದು, ಅವನು ಕೂರುವ ಲ್ಯಾಬು ಹೇಗಿರಬೇಕೆಂಬುದು ಬೆಂಗಳೂರಿನ ವಿಷಯ. ಲ್ಯಾಬುಗಳಿಗೆ ಕನಿಷ್ಠ ಮಾನದಂಡ ಹೇಳುವ 2010ರ ಕೇಂದ್ರ ಕಾಯ್ದೆಯನ್ನೂ ನಾಲ್ಕು ರಾಜ್ಯಗಳು ಕೇಳಿಕೊಂಡವೆಂಬ ದಾರಿಯಲ್ಲಿ ಮಾಡಿದ್ದು. ಉಳಿದವರು ಬೇಕಿದ್ದರೆ ಒಪ್ಪಿಕೊಳ್ಳಬಹುದು. ಕರ್ನಾಟಕಕ್ಕೆ ತನ್ನದೇ 2007ರ ಕಾಯ್ದೆ ಇದೆ. ಅದರ ಹೆಸರಲ್ಲೇ ‘ಖಾಸಗಿ’ ಎಂದಿದೆ. ಸರ್ಕಾರಿ ಆಸ್ಪತ್ರೆಯ ಲ್ಯಾಬಿಗೆ ಅದು ತಾಗುವುದಿಲ್ಲ.

ನಾವು ತಟ್ಟುತ್ತಿದ್ದ ಬಾಗಿಲಿನ ಹಿಂದೆ ಅರ್ಧ ಮನೆ ಮಾತ್ರ ಇತ್ತು. ಇದನ್ನು ಮೊದಲೇ ತಿಳಿದುಕೊಳ್ಳಬೇಕಿತ್ತು. ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಹೇಳುವ ಮೊದಲ ಮಾತು ಈಗ ಇದೇ, ಮನವಿ ಬರೆಯುವ ಮುಂಚೆ ಯಾವ ಪಟ್ಟಿಯ ವಿಷಯವೆಂದು ಕೇಳಿಕೊಳ್ಳಿ. ಆದರೂ ಅಕ್ಕಾರು ಟ್ಯೂಬಿನ ಪುಟ ತೆಗೆಯಲು ಒಪ್ಪಲಿಲ್ಲ. “ಸಲ್ಲೂದಿಲ್ಲ ಅಂದ್ರ ಅವರು ತಗೀಲಿ. ಓದಂತೂ ಓದ್ತಾರಲ್ಲ.”

ಮಸೂದೆಗೆ ಸಲ್ಲುವ ಬೇಡಿಕೆ ಕೊನೆಗೆ ನಾಲ್ಕೇ ಉಳಿದವು. ಡಿಪ್ಲೊಮಾಕ್ಕೆ ಮಸೂದೆಯಲ್ಲಿದ್ದ 2000 ಗಂಟೆಯ ಕನಿಷ್ಠ ಮಿತಿಯನ್ನು ಯಾವ ಕಾರಣಕ್ಕೂ ಇಳಿಸಬಾರದು, ಅದರಲ್ಲಿ ಅರ್ಧವಾದರೂ ರೋಗಿಗಳ ಸ್ಯಾಂಪಲ್ ಬರುವ ಲ್ಯಾಬಿನಲ್ಲಿ ನಿಂತು ಮಾಡಿರಬೇಕು. ಹಳೇ ಸರ್ಟಿಫಿಕೇಟಿನ ಮೇಲೆ ದುಡಿಯುತ್ತಿರುವವರನ್ನು ಬೀದಿಗೆ ತಳ್ಳದೆ ನೋಂದಣಿಗೆ ದಾರಿ ಇರಬೇಕು. ಈ ವೃತ್ತಿಗಳನ್ನು ನೋಡಿಕೊಳ್ಳಲು ಬರುವ ಪರಿಷತ್ತಿನಲ್ಲಿ ಲ್ಯಾಬಿನವರೂ ಕೂರಬೇಕು. ಮತ್ತು ಗುಣಮಟ್ಟ ನಿಯಂತ್ರಣವನ್ನು ಪಠ್ಯದಲ್ಲಿ ಒಂದು ಅಧ್ಯಾಯವಾಗಿ ಅಲ್ಲ, ದಿನದ ಅಭ್ಯಾಸವಾಗಿ ಕಲಿಸಬೇಕು. ಈ ನಾಲ್ಕನೆಯದು ನನ್ನ ಹಟ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) ನಡೆಸುವ ಬಾಹ್ಯ ಗುಣಮಟ್ಟ ಪರೀಕ್ಷೆಗೆ ದೇಶದ ಎಷ್ಟೋ ಲ್ಯಾಬುಗಳು ಸೇರಿಕೊಂಡು, ಬಂದ ಗುಪ್ತ ಸ್ಯಾಂಪಲ್ ನೋಡಿ ತಮ್ಮ ಉತ್ತರ ಕಳಿಸುತ್ತವೆ. ತಪ್ಪಿದ್ದರೆ ತಪ್ಪೆಂದು ಗೊತ್ತಾಗುತ್ತದೆ. ನಮ್ಮಂಥವರಿಗೆ ನಮ್ಮ ತಪ್ಪು ಹೇಳುವವರೇ ಇಲ್ಲ, ಎರಡು ಚೀಟಿ ಹಿಡಿದು ಬರುವ ಮುದುಕರನ್ನು ಬಿಟ್ಟರೆ.

ಮನವಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕು ಎಂದಾಗ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರನ್ನು ಹಿಡಿದೆವು. ಅವರು ಶ್ರದ್ಧೆಯಿಂದ ಅನುವಾದಿಸಿದರು, ಆದರೆ ‘ರಕ್ತ ಒಡೆಯಿತು’ ಎಂಬುದನ್ನು ರಕ್ತಪಾತವಾಯಿತು ಎಂಬರ್ಥ ಬರುವಂತೆ ಬರೆದಿದ್ದರು. ಸಂಸತ್ತಿನ ಸಮಿತಿ ನಮ್ಮ ತಾಲ್ಲೂಕಿಗೆ ಪೊಲೀಸರನ್ನು ಕಳಿಸುವ ಮುಂಚೆ ತಿದ್ದಿದೆವು.

ಇನ್ನು ಸಹಿ. ಸರ್ಕಾರಿ ನೌಕರರು ಹೀಗೆ ನೇರವಾಗಿ ದಿಲ್ಲಿಗೆ ಬರೆಯಬಹುದೇ, ನಡತೆ ನಿಯಮ ಏನು ಹೇಳುತ್ತದೆ ಎಂಬ ಅನುಮಾನ ಎಲ್ಲರಿಗೂ. ಗುತ್ತಿಗೆಯವರ ಹೆದರಿಕೆ ಇನ್ನೂ ನೇರ: ಮಾರ್ಚ್ ಕಳೆದರೆ ಕರಾರು ನವೀಕರಣ. ಹುಬ್ಬಳ್ಳಿಯಲ್ಲಿ ಮುಷ್ಟಿ ಎತ್ತಿದವರು ಕಾಗದ ಮುಂದಿಟ್ಟಾಗ ಪೆನ್ನು ಮರೆತು ಬಂದಿದ್ದರು. ನಾನೂ ಸಹಿ ಮಾಡಲಿಲ್ಲ. ಮನೆಯಲ್ಲಿ ಸಾಲ, ಮಗಳ ಪಿಯುಸಿ, ಧೈರ್ಯ ಸಾಲಲಿಲ್ಲ. ಅಕ್ಕಾರು ಮತ್ತು ಇನ್ನು ಆರು ಜನ ನಿವೃತ್ತರು ಸಹಿ ಹಾಕಿದರು. ಐದು ಪುಟ, ಎರಡು ಪ್ರತಿ, ಸ್ಪೀಡ್ ಪೋಸ್ಟ್. ಅಂಚೆ ಕಚೇರಿಯ ಹುಡುಗ ವಿಳಾಸ ಓದಿ, “ಪಾರ್ಲಿಮೆಂಟಿಗೇನ್ರೀ?” ಎಂದು ಎರಡು ಸಲ ಸೀಲು ಹೊಡೆದ.

ಸಂಸದರೊಬ್ಬರನ್ನು ಕಂಡದ್ದು ಲೋಕಸಭೆ ಚುನಾವಣೆಯೆಲ್ಲ ಮುಗಿದ ಮೇಲೆ, ಪ್ರವಾಸಿ ಮಂದಿರದಲ್ಲಿ. ನಮ್ಮ ಕ್ಷೇತ್ರದವರಲ್ಲ, ಅಕ್ಕಾರ ನೆಂಟರ ಪರಿಚಯ. ಎರಡು ತಾಸು ಕಾದೆವು. ನಮ್ಮ ಮುಂದೆ ಒಂದು ಗುಡಿ ಕಟ್ಟುವವರ ಗುಂಪು, ಹಿಂದೆ ಒಂದು ವರ್ಗಾವಣೆ. ಒಳಗೆ ಹೋದ ಕೂಡಲೇ ಅವರು, “ಏನ್ರೀ ತಾಯಿ, ಪಗಾರದ್ದನು?” ಅಂದರು. ದಿನಕ್ಕೆ ಹತ್ತು ಗುಂಪಿನಿಂದ ಅದನ್ನೇ ಕೇಳಿದ ಮುಖ.

ಅಕ್ಕಾರು ಮಾತಾಡಲಿಲ್ಲ. ಎರಡು ವರದಿಯನ್ನು ಟೀಪಾಯಿಯ ಮೇಲೆ ಅಕ್ಕಪಕ್ಕ ಇಟ್ಟರು. ಹೆಸರು ಒಂದೇ, ದಿನಾಂಕ ಒಂದೇ, 175 ಮತ್ತು 126. ಸಂಸದರು ಒಂದನ್ನು ಎತ್ತಿದರು, ಇನ್ನೊಂದನ್ನು ಎತ್ತಿದರು. “ಒಬ್ಬರದನು?” “ನಂದರೀ. ಒಂದ ಸೂಜಿದು.” ಕಾರಣ ಹೇಳಿದೆವು, ಮೂರು ನಿಮಿಷ ಹಿಡಿಯಿತು. ಅವರು ಸ್ವಲ್ಪ ಸುಮ್ಮನಿದ್ದು, ಸಹಾಯಕನನ್ನು ಕರೆದು ತಮ್ಮ ಬ್ಯಾಗಿನಿಂದ ಒಂದು ಫೈಲು ತರಿಸಿದರು. ಅವರದೇ ರಕ್ತ ಪರೀಕ್ಷೆಯ ವರದಿಗಳು. ತಿರುವಿ ಹಾಕಿ ಕೇಳಿದರು: “ನಂದು ಯಾವ ಟ್ಯೂಬಿನ್ಯಾಗ ತಗದಿರ್ತಾರ್ರೀ?”

ವರದಿಯಲ್ಲಿ ಅದು ಬರೆದಿರುವುದಿಲ್ಲ. ಹತ್ತು ನಿಮಿಷದ ಭೇಟಿ ಮುಕ್ಕಾಲು ತಾಸಾಯಿತು. ಅವರು ಸಮಿತಿಯ ಅಧ್ಯಕ್ಷರಿಗೆ ಒಂದು ಪತ್ರ ಬರೆಯುವುದಾಗಿ ಹೇಳಿದರು. ಅದರ ಪ್ರತಿ ನಮಗೂ ಬಂತು. ಇದರಿಂದ ಏನಾದರೂ ಆಯಿತೇ ಎಂದರೆ, ದೇಶದ ಎಲ್ಲ ಕಡೆಯಿಂದ ನಮಗಿಂತ ದೊಡ್ಡ ಸಂಘಗಳು ಬರೆದಿರುತ್ತವೆ, ನಮ್ಮ ಐದು ಪುಟ ಆ ರಾಶಿಯಲ್ಲಿ ಒಂದು.

2020ರ ಆರಂಭದಲ್ಲಿ ಸಮಿತಿಯ ವರದಿ ಬಂತು. ಅದನ್ನು ಪೂರ್ತಿ ಓದುವಷ್ಟರಲ್ಲಿ ಕೊರೊನಾ ಬಂತು.

ಆ ಮಾರ್ಚ್ ತಿಂಗಳನ್ನು ನಮ್ಮ ಕಡೆಯವರು ಮರೆಯುವುದಿಲ್ಲ. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯವರದು. 76 ವರ್ಷದ ಹಿರಿಯರು. ಅವರು ತೀರಿಕೊಂಡದ್ದು 10ರಂದು, ಅದು ಕೋವಿಡ್ ಎಂದು ಖಚಿತವಾದದ್ದು 12ರಂದು. ಆಗ ಆ ಊರಲ್ಲಿ ಆ ಪರೀಕ್ಷೆ ಮಾಡುವ ಲ್ಯಾಬೇ ಇರಲಿಲ್ಲ. ಆಮೇಲೆ ಕೆಲವೇ ತಿಂಗಳಲ್ಲಿ ಜಿಲ್ಲೆ ಜಿಲ್ಲೆಗೂ ಆರ್‌ಟಿಪಿಸಿಆರ್ ಲ್ಯಾಬು ಬಂತು. ನಮಗೆ ಸ್ವಾಬ್ ತೆಗೆಯುವ ಡ್ಯೂಟಿ. ಮೂರು ಪದರ ಪ್ಯಾಕಿಂಗು, ತಣ್ಣನೆಯ ಬಾಕ್ಸು, ಅದನ್ನು ಒಯ್ಯಲು ಡ್ರೈವರ್ ಸಮೇತ ಗಾಡಿ. ರಕ್ತಕ್ಕೆ ನಾಲ್ಕು ತಿಂಗಳಲ್ಲಿ ಸಿಗದ ಗಾಡಿ ಸ್ವಾಬಿಗೆ ನಾಲ್ಕು ದಿನದಲ್ಲಿ ಸಿಕ್ಕಿತು. ಮೇ 3ರಂದು ಹೆಲಿಕಾಪ್ಟರುಗಳು ದೊಡ್ಡ ಊರಿನ ಆಸ್ಪತ್ರೆಗಳ ಮೇಲೆ ಹೂವು ಸುರಿದವು. ಟಿವಿಯಲ್ಲಿ ನೋಡಿದೆ. ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದವರಲ್ಲಿ ಎಷ್ಟು ಜನ ಲ್ಯಾಬಿನವರಿದ್ದರೋ, ನಾವಂತೂ ಅಂದು ಸ್ವಾಬ್ ಎಣಿಸುತ್ತಿದ್ದೆವು.

ಹಳೇ ಮಸೂದೆ ಹೋಗಿ, 2020ರ ಸೆಪ್ಟೆಂಬರಿನಲ್ಲಿ ಹೊಸ ರೂಪದಲ್ಲಿ ಬಂತು. 2021ರ ಮಾರ್ಚ್ 16ಕ್ಕೆ ರಾಜ್ಯಸಭೆ, 24ಕ್ಕೆ ಲೋಕಸಭೆ, 28ಕ್ಕೆ ರಾಷ್ಟ್ರಪತಿ ಅಂಕಿತ. ಲೋಕಸಭೆಯ ಚರ್ಚೆಯನ್ನು ನಾನು ಮೊಬೈಲಿನಲ್ಲಿ, ಮೈಕ್ರೋಸ್ಕೋಪಿಗೆ ಒರಗಿಸಿಟ್ಟು ನೋಡಿದೆ. ಮಧ್ಯೆ ಒಬ್ಬಳು ಗರ್ಭಿಣಿ ರಕ್ತ ಕೊಡಲು ಬಂದಳು, ಅವಳ ಗುಂಪು ನೋಡಿ ಬರೆಯುವಷ್ಟರಲ್ಲಿ ಮಸೂದೆ ಪಾಸಾಗಿತ್ತು. ‘ಬಿ ಪಾಸಿಟಿವ್’ ಅಂತ ಬರೆದಿದ್ದೆ, ಅದೇ ಶಕುನ ಎಂದುಕೊಂಡೆ.

ರಾಜ್ಯಪತ್ರ ಡೌನ್‌ಲೋಡ್ ಮಾಡಿ ಅಕ್ಕಾರ ಮನೆಯಲ್ಲಿ ಕೂತು ಓದಿದೆವು. ಅನುಸೂಚಿಯ ಹತ್ತು ಗುಂಪುಗಳಲ್ಲಿ ಮೊದಲನೆಯದೇ ವೈದ್ಯಕೀಯ ಪ್ರಯೋಗಾಲಯ. ಅಕ್ಕಾರು ಆ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ತೆಗೆಯಲಿಲ್ಲ. 2000 ಗಂಟೆ ಇತ್ತು. ಈಗಾಗಲೇ ಕೆಲಸದಲ್ಲಿರುವವರ ನೋಂದಣಿಗೆ ದಾರಿ ಇತ್ತು. ಅರ್ಧ ಗಂಟೆಗಳನ್ನು ನಿಜವಾದ ಲ್ಯಾಬಿನಲ್ಲೇ ಕಳೆಯಬೇಕೆಂಬ ನಮ್ಮ ಸಾಲು ಇರಲಿಲ್ಲ. ಟ್ಯೂಬಂತೂ ಇಲ್ಲವೇ ಇಲ್ಲ. ವಕೀಲ ಹುಡುಗ ಮೊದಲೇ ಹೇಳಿದ್ದ.

ಆದರೆ ಕಾಯ್ದೆ ಬಂದರೆ ಆಯೋಗ ಬರಬೇಕು, ಆಯೋಗ ಬಂದರೆ ರಾಜ್ಯಗಳಲ್ಲಿ ಪರಿಷತ್ತು ಬರಬೇಕು. ಆರು ತಿಂಗಳಲ್ಲಿ ಪರಿಷತ್ತು ಎಂದು ಕಾಯ್ದೆ ಹೇಳಿತ್ತು. ಆರು ತಿಂಗಳು ಆಯಿತು, ವರ್ಷವಾಯಿತು, ಎರಡಾಯಿತು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಕೇಳಿದೆ, ಈ ಸಲ ನನ್ನದೇ ಸಹಿ ಹಾಕಿ. ‘ಪ್ರಕ್ರಿಯೆ ಪ್ರಗತಿಯಲ್ಲಿದೆ’ ಎಂದು ಬಂತು. ಈ ಎರಡು ಪದದ ಉತ್ತರಕ್ಕೆ ಎರಡು ಪುಟದ ಹೊದಿಕೆ ಪತ್ರ. ದೇಶದ ತಂತ್ರಜ್ಞರ ಒಂದು ವೇದಿಕೆ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2024ರ ಆಗಸ್ಟ್ 12ರಂದು ಕೋರ್ಟ್, ಎರಡು ತಿಂಗಳಲ್ಲಿ ಕಾಯ್ದೆ ಜಾರಿಗೆ ತನ್ನಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಿತು.

ಆ ದಿನ ಸಂಜೆ ಅಕ್ಕಾರ ಫೋನ್. ಈಗ ಅವರ ದೃಷ್ಟಿ ಬಹಳ ಮಂದ, ಮೊಮ್ಮಗಳು ಸುದ್ದಿ ಓದಿ ಹೇಳಿದ್ದಳಂತೆ.

ಬೂದು ಟ್ಯೂಬಿನ ಕಥೆ ಹೇಳುವುದು ಬಿಟ್ಟಿದ್ದೆ. ಅದು ದಿಲ್ಲಿಯಿಂದಲೂ ಬರಲಿಲ್ಲ, ಬೆಂಗಳೂರಿನಿಂದಲೂ ಬರಲಿಲ್ಲ. 2019ರ ಕೊನೆಗೆ ನಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ನಾನು ಆ ಹಸಿರು ಗೆರೆಯ 111ರ ಹಾಳೆ ಮತ್ತು ಅಕ್ಕಾರ ಎರಡು ವರದಿ ಇಟ್ಟೆ. ಹೊಸ ಗೇಟಿಗೆ ಬಣ್ಣ ಬಳಿಯುವ ವಿಷಯ ಮುಗಿದ ಮೇಲೆ, ಚಹಾ ಬರುವ ಮುಂಚೆ, ಎರಡು ಪೆಟ್ಟಿಗೆ ಟ್ಯೂಬಿಗೆ ಒಪ್ಪಿಗೆ ಸಿಕ್ಕಿತು. ಪೆಟ್ಟಿಗೆಗೆ ನೂರು. ಅಂದಿನಿಂದ ಹಾಗೇ ನಡೆದಿದೆ, ಸಮಿತಿಯಲ್ಲಿ ರೊಕ್ಕ ಇದ್ದಾಗ ಇರುತ್ತದೆ, ಇಲ್ಲದಾಗ ಇಲ್ಲ.

“ನಿಂದು ನೋಂದಣಿ ನಂಬರ್ ಬಂತೇನವಾ?” ಎಂದರು ಅಕ್ಕಾರು.

“ಇನ್ನೂ ಇಲ್ರೀ. ಕೋರ್ಟ್ ಹೇಳೈತಿ, ನೋಡೋಣು.”

“ಟ್ಯೂಬು?”

“ಹದಿನಾಲ್ಕು ಉಳದಾವ್ರೀ. ನಿನ್ನೆ ಇಂಡೆಂಟ್ ಬರದ ಕೊಟ್ಟೀನಿ.”